ಗ್ರೈಂಡರ್ ಕೊಡಲ್ಲ

ಹೋದ ತಿಂಗಳು ಆಫೀಸಿನ ಹುಡುಗನೊಬ್ಬ ಊಟದ ಹೊತ್ತಲ್ಲಿ ನನ್ನ ಟೇಬಲ್ ಹತ್ರ ಬಂದು ಮೊಬೈಲ್ ಮುಂದೆ ಹಿಡಿದ. ಫೋಟೋದಲ್ಲಿ ಒಂದು ಹಳೇ ಯೆಜ್ಡಿ. ಟ್ಯಾಂಕಿನ ಬಣ್ಣ ಬಿಸಿಲಿಗೆ ಬಿಳಚಿಕೊಂಡಿತ್ತು, ಸೀಟು ಹರಿದು ಸ್ಪಂಜು ಹೊರಗೆ ಬಂದಿತ್ತು. ಆದರೆ ಎರಡೂ ಸೈಲೆನ್ಸರ್ ಇದ್ದವು, ಎರಡೂ ಸೈಡ್ ಬಾಕ್ಸ್ ಇದ್ದವು, ಹೆಡ್‌ಲೈಟ್ ಗಾಜು ಕೂಡ ಒಡೆದಿರಲಿಲ್ಲ. ಮಂಡ್ಯದ ಕಡೆ ಯಾರದೋ ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ನಿಂತಿತ್ತಂತೆ. ಬೋನಸ್ ದುಡ್ಡಲ್ಲಿ ತಗೊಂಡಿದ್ದ. ಅವನ ಖುಷಿ ನೋಡಿ ನನಗೂ ಖುಷಿಯಾಯ್ತು.

"ಸ್ಟಾರ್ಟ್ ಆಗುತ್ತಾ?" ಅಂದೆ.

"ಗೊತ್ತಿಲ್ಲ ಅಣ್ಣಾ, ಇನ್ನೂ ನೋಡಿಲ್ಲ. ನಿಮ್ಮ ಹತ್ರ ಗ್ರೈಂಡರ್ ಇದೆಯಂತಲ್ಲ, ಈ ವೀಕೆಂಡ್ ಕೊಡ್ತೀರಾ? ಹಿಂದಿನ ಫ್ರೇಮ್ ಕಟ್ ಮಾಡ್ಬೇಕು. ಕೆಫೆ ರೇಸರ್ ಮಾಡ್ತಿದೀನಿ."

ಗಮನಿಸಿ. ಗಾಡಿ ಸ್ಟಾರ್ಟ್ ಆಗುತ್ತೋ ಇಲ್ಲವೋ ಗೊತ್ತಿಲ್ಲ. ಬ್ರೇಕ್ ಹಿಡಿಯುತ್ತೋ ಇಲ್ಲವೋ ಗೊತ್ತಿಲ್ಲ. ಎಲ್ಲಿ ಕತ್ತರಿಸಬೇಕು ಅನ್ನೋದು ಮಾತ್ರ ಗೊತ್ತು.

ಕೊಡಲ್ಲ ಅಂದೆ. ಅವನ ಮುಖ ಸಣ್ಣದಾಯ್ತು. ಜಿಪುಣ ಅಂದುಕೊಂಡಿರಬಹುದು. ಯಾಕೆ ಕೊಡಲಿಲ್ಲ ಅಂತ ಊಟದ ಅರ್ಧ ಗಂಟೆಯಲ್ಲಿ ಹೇಳೋಕೆ ಆಗಲಿಲ್ಲ, ಇಲ್ಲಿ ಹೇಳ್ತೀನಿ. ಅವನಿಗೊಬ್ಬನಿಗೇ ಅಲ್ಲ. ಹಳೇ ಗಾಡಿಯೊಂದನ್ನು ತಂದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನಿಲ್ಲಿಸಿಕೊಂಡು, ರಾತ್ರಿಯಿಡೀ ವಿಡಿಯೋ ನೋಡಿ, ಬೆಳಿಗ್ಗೆ ಕಟಿಂಗ್ ವೀಲ್ ಹುಡುಕುವ ಎಲ್ಲರಿಗೂ. ನನ್ನ ವಾದ ಇಷ್ಟೇ: ಓಡಿಸದ ಗಾಡಿಯನ್ನು ಕತ್ತರಿಸುವ ಹಕ್ಕು ನಿಮಗಿಲ್ಲ. ಮೊದಲು ಓಡುವ ಹಾಗೆ ಮಾಡಿ. ಒಂದು ಮಳೆಗಾಲ, ಒಂದು ಬೇಸಿಗೆ ಓಡಿಸಿ. ಆಮೇಲೂ ಕತ್ತರಿಸಬೇಕು ಅನ್ನಿಸಿದರೆ ಬನ್ನಿ, ಮಾತಾಡೋಣ. ನಿಮಗೆ ಅನ್ನಿಸಲ್ಲ ಅನ್ನೋದು ನನ್ನ ನಂಬಿಕೆ.

ಇದನ್ನು ಹೇಳುವ ಯೋಗ್ಯತೆ ನನಗೆ ಹೇಗೆ ಬಂತು ಅಂದರೆ, ನಾನೇ ಕತ್ತರಿಸಿದವನು.

ನಂಜನಗೂಡಿನ ನಮ್ಮ ಮಾವ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅವರದು 1982ರ ಯೆಜ್ಡಿ. ಆ ಗಾಡಿಯಲ್ಲಿ ಅವರು ಸ್ಕೂಲಿಗೆ ಹೋದರು, ಅತ್ತೆಯನ್ನು ಹೆರಿಗೆಗೆ ಮೈಸೂರಿಗೆ ಕರೆದುಕೊಂಡು ಹೋದರು, ಗೊಬ್ಬರದ ಮೂಟೆ ಹೇರಿದರು, ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಜಾತ್ರೆಗೆ ಕರೆದುಕೊಂಡು ಹೋದರು. ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಗಾಡಿ ನಿಂತುಬಿಟ್ಟಿತು. "ಗುಜರಿಯವನು ದಿನಾ ಬಂದು ಕೇಳ್ತಾನೆ ಕಣೋ, ಅವನಿಗೆ ಕೊಡೋ ಬದಲು ನೀನೇ ತಗೊಂಡೋಗು" ಅಂದರು. ಒಂದು ರೂಪಾಯಿ ತಗೊಳ್ಳಲಿಲ್ಲ. ಟೆಂಪೋದಲ್ಲಿ ಹಾಕಿಸಿಕೊಂಡು ಬೆಂಗಳೂರಿಗೆ ತಂದೆ.

ತಂದ ಮೂರನೇ ಶನಿವಾರ ಗ್ರೈಂಡರ್ ಕೊಂಡೆ. ಸೀಟ್ ಬಿಚ್ಚಿದೆ, ಹಿಂದಿನ ಮಡ್‌ಗಾರ್ಡ್ ಬಿಚ್ಚಿದೆ, ಫ್ರೇಮಿನ ಹಿಂಭಾಗವನ್ನು ಒಂದು ಗೇಣಿನಷ್ಟು ಕತ್ತರಿಸಿದೆ. ಐದು ನಿಮಿಷದ ಕೆಲಸ. ಅರ್ಧಚಂದ್ರದ ಹಾಗೆ ಬಗ್ಗಿಸಿದ ಒಂದು ಪೈಪನ್ನು ಕಿಟಕಿ ಗ್ರಿಲ್ ಮಾಡುವ ಅಂಗಡಿಯಲ್ಲಿ ವೆಲ್ಡ್ ಮಾಡಿಸಿ, ಅದರ ಮೇಲೆ ಒಬ್ಬರೇ ಕೂರುವಂಥ ಕಂದು ಬಣ್ಣದ ರೆಕ್ಸಿನ್ ಸೀಟು ಹಾಕಿಸಿದೆ. ಹ್ಯಾಂಡಲ್ ಕೆಳಗಿಳಿಸಿದೆ. ಸೈಲೆನ್ಸರ್ ಮೊಟಕು ಮಾಡಿದೆ. ಏರ್ ಫಿಲ್ಟರ್ ಡಬ್ಬಿ ತೆಗೆದು ಬರೀ ಜಾಲರಿ ಥರದ ಫಿಲ್ಟರ್ ಸಿಕ್ಕಿಸಿದೆ. ಫೋಟೋ ಹಾಕಿದೆ. ಲೈಕು ಬಂದವು, ಸುಳ್ಳು ಹೇಳಲ್ಲ, ಜೀವನದಲ್ಲಿ ಅಷ್ಟು ಲೈಕು ನನಗೆ ಬಂದಿರಲಿಲ್ಲ.

ಎರಡು ತಿಂಗಳ ನಂತರ ಮಾವ, ಅತ್ತೆ ಮದುವೆಯೊಂದಕ್ಕೆ ಬೆಂಗಳೂರಿಗೆ ಬಂದರು. ಮಾವ ಚಪ್ಪಲಿ ಬಿಡುವ ಮೊದಲೇ "ಗಾಡಿ ಎಲ್ಲಿ?" ಅಂದರು. ಬೇಸ್‌ಮೆಂಟಿಗೆ ಕರೆದುಕೊಂಡು ಹೋದೆ. ಸುತ್ತ ಒಂದು ಸಲ ನಡೆದರು. ಟ್ಯಾಂಕ್ ಮುಟ್ಟಿದರು. ಬೈಯಲಿಲ್ಲ.

"ಚೆನ್ನಾಗೇ ಮಾಡ್ಸಿದೀಯ. ನಿಮ್ಮತ್ತೆ ಎಲ್ಲಿ ಕೂತ್ಕೋಬೇಕು?"

ತಮಾಷೆ ಅಂದುಕೊಂಡು ನಕ್ಕೆ. ತಮಾಷೆ ಆಗಿರಲಿಲ್ಲ. ಕಣ್ಣು ಸರಿಹೋಗಿದೆ, ಸಾಯಂಕಾಲ ಗವಿ ಗಂಗಾಧರೇಶ್ವರನ ಗುಡಿಗೆ ಇಬ್ಬರೂ ಅದರಲ್ಲೇ ಹೋಗಿ ಬರೋಣ ಅಂತ ಅತ್ತೆಗೆ ಬಸ್ಸಲ್ಲೇ ಹೇಳಿಕೊಂಡು ಬಂದಿದ್ದರಂತೆ. ಆಟೋದಲ್ಲಿ ಹೋದರು.

ಇದು ಬರೀ ಸೆಂಟಿಮೆಂಟು ಅನ್ನುವವರಿಗೆ ಇನ್ನೊಂದು ಹೇಳ್ತೀನಿ. ಅದಾಗಿ ಒಂದು ತಿಂಗಳಿಗೆ ಬಿಡದಿ ಹತ್ರ ಟೀ ಕುಡಿಯೋಕೆ ನಿಲ್ಲಿಸಿದಾಗ ಸೀಟು ಒಂದು ಕಡೆ ವಾಲಿದೆ ಅನ್ನಿಸಿತು. ಬಗ್ಗಿ ನೋಡಿದರೆ ಗ್ರಿಲ್ ಅಂಗಡಿಯ ವೆಲ್ಡಿಂಗ್ ಪಕ್ಕದಲ್ಲೇ ಪೈಪು ಬಾಯಿಬಿಟ್ಟಿದೆ. ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಅರ್ಧ. ಹತ್ತು ನಿಮಿಷದ ಹಿಂದೆ ಲಾರಿಯೊಂದನ್ನು ಓವರ್‌ಟೇಕ್ ಮಾಡಿದ್ದೆ. ಗ್ರಿಲ್ ಅಂಗಡಿಯವರ ತಪ್ಪಿಲ್ಲ. ಅವರು ಕಿಟಕಿಗೆ ವೆಲ್ಡಿಂಗ್ ಮಾಡುವವರು. ಕಿಟಕಿ ಗುಂಡಿ ಹಾರಲ್ಲ.

ಈಗ ಈ ಕೆಫೆ ರೇಸರ್ ವಿಷಯಕ್ಕೆ ಬರೋಣ. ಹೆಸರು ಎಲ್ಲಿಂದ ಬಂತು? 1950–60ರ ದಶಕದ ಇಂಗ್ಲೆಂಡಿನಿಂದ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರೋಡಿನ ಏಸ್ ಕೆಫೆಯಂಥ ಜಾಗಗಳಲ್ಲಿ ದುಡಿಯುವ ವರ್ಗದ ಹುಡುಗರು ಸೇರುತ್ತಿದ್ದರು. ರೇಸಿಂಗ್ ಬೈಕು ಕೊಳ್ಳುವಷ್ಟು ದುಡ್ಡಿಲ್ಲ, ರೇಸ್ ಹುಚ್ಚು ಮಾತ್ರ ಇದೆ. ಇದ್ದ ಗಾಡಿಯ ತೂಕ ಇಳಿಸಿದರು, ಗಾಳಿಗೆ ಬಗ್ಗಿ ಕೂರಲು ಹ್ಯಾಂಡಲ್ ಇಳಿಸಿದರು. ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ಟ್ರೈಟನ್ ಅಂತ ಕರೆದರು. ಅವರು ಮಾಡಿದ ಒಂದೊಂದು ಬದಲಾವಣೆಗೂ ಒಂದೇ ಕಾರಣ: ವೇಗ. ಅದು ಸರಿಯೋ ತಪ್ಪೋ, ಕಾರಣ ಅಂತ ಒಂದಿತ್ತು.

ನಮ್ಮ ಕಾರಣ ಏನು ಸ್ವಾಮಿ? ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಡೆದು ಹೋಗುವವರು ನಮ್ಮನ್ನು ಓವರ್‌ಟೇಕ್ ಮಾಡುತ್ತಾರೆ. ಅಲ್ಲಿ ಗಾಳಿಗೆ ಬಗ್ಗಿ ಕೂತು ಏನನ್ನು ಸೀಳಬೇಕು? ಕೆಳಗಿಳಿಸಿದ ಹ್ಯಾಂಡಲ್ ವೇಗದಲ್ಲಿ ಮಾತ್ರ ಸುಖ, ಆಗ ಎದೆಗೆ ಬಡಿಯುವ ಗಾಳಿ ಮೈಭಾರವನ್ನು ಸ್ವಲ್ಪ ಹೊರುತ್ತೆ. ನಿಧಾನ ಹೋಗುವಾಗ ಅಷ್ಟೂ ಭಾರ ಮಣಿಕಟ್ಟಿನ ಮೇಲೆ. ದಿನಾ ಹತ್ತು ಗಂಟೆ ಕೀಬೋರ್ಡ್ ಕುಟ್ಟುವ ನಮ್ಮ ಮಣಿಕಟ್ಟಿಗೆ ಇದೊಂದು ಬಾಕಿ ಇತ್ತು.

ಒಂದೊಂದೇ ಭಾಗ ತಗೊಳ್ಳಿ. ಅದು ಅಲ್ಲಿ ಯಾಕಿದೆ ಅಂತ ಕೇಳದೆ ತೆಗೆದರೆ ಏನಾಗುತ್ತೆ ನೋಡಿ.

ಏರ್ ಫಿಲ್ಟರ್ ಡಬ್ಬಿ. ಯೆಜ್ಡಿಯದು ಟೂ-ಸ್ಟ್ರೋಕ್ ಎಂಜಿನ್. ಇದರಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಿ ಹಾಕುತ್ತೇವೆ. ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಸಿಗುವುದು ಆ ಬೆರಕೆಯಿಂದಲೇ. ಡಬ್ಬಿ ತೆಗೆದು ಬಯಲು ಫಿಲ್ಟರ್ ಹಾಕಿದರೆ ಗಾಳಿ ಜಾಸ್ತಿ ನುಗ್ಗುತ್ತೆ. ಕಾರ್ಬೊರೇಟರ್ ಜೆಟ್ ಬದಲಿಸದಿದ್ದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರಲ್ಲ. ಪೆಟ್ರೋಲ್ ಕಡಿಮೆ ಅಂದರೆ ಆಯಿಲ್ಲೂ ಕಡಿಮೆ, ಶಾಖ ಮಾತ್ರ ಜಾಸ್ತಿ. ಅದರ ಮೇಲೆ ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಅದು ಈ ಮಿಶ್ರಣವನ್ನು ಇನ್ನಷ್ಟು ತೆಳು ಮಾಡುತ್ತೆ. ಒಂದು ದಿನ ಏರಿನಲ್ಲಿ ಎಂಜಿನ್ ಕಿರ್ರನೆ ಹಿಡಿದುಕೊಂಡು ಹಿಂದಿನ ಚಕ್ರ ಎಳೆದುಕೊಂಡು ಹೋಗುತ್ತೆ. ಅದಕ್ಕೆ ಮೆಕ್ಯಾನಿಕ್ಕುಗಳು "ಸೀಜ್ ಆಯ್ತು" ಅಂತಾರೆ. ಆಗ ಕ್ಲಚ್ ಹಿಡಿಯುವಷ್ಟು ಬುದ್ಧಿ ಓಡಿದರೆ ನಿಮ್ಮ ಪುಣ್ಯ.

ಸೈಲೆನ್ಸರ್. ಟೂ-ಸ್ಟ್ರೋಕಿನಲ್ಲಿ ಸೈಲೆನ್ಸರ್ ಅಂದರೆ ಬರೀ ಸದ್ದಡಗಿಸುವ ಕೊಳವೆ ಅಲ್ಲ. ಅದರಲ್ಲಿ ಕವಾಟಗಳಿಲ್ಲ. ಹೊಗೆ ಹೊರಗೆ ಹೋಗುವ ದಾರಿಯಲ್ಲೇ ಸ್ವಲ್ಪ ಹೊಸ ಪೆಟ್ರೋಲೂ ತಪ್ಪಿಸಿಕೊಳ್ಳೋಕೆ ನೋಡುತ್ತೆ. ಕೊಳವೆಯ ಉದ್ದ, ಆಕಾರದಿಂದ ಹಿಂದಿರುಗುವ ಒತ್ತಡದ ಅಲೆ ಅದನ್ನು ಮತ್ತೆ ಒಳಗೆ ತಳ್ಳಬೇಕು. ನೀವು ಅದನ್ನು ಒಂದೂವರೆ ಅಡಿ ಮೊಟಕು ಮಾಡಿದರೆ ಸದ್ದು ಜೋರಾಗುತ್ತೆ, ಶಕ್ತಿ ಕಡಿಮೆಯಾಗುತ್ತೆ. ಅಕ್ಕಪಕ್ಕದ ಮನೆಯ ಕೂಸು ಎದ್ದು ಅಳುತ್ತೆ, ಗಾಡಿ ಮಾತ್ರ ಫ್ಲೈಓವರ್ ಹತ್ತಲ್ಲ.

ಹಿಂದಿನ ಮಡ್‌ಗಾರ್ಡ್. ಇದಕ್ಕೆ ವಿವರಣೆ ಬೇಡ. ಒಂದು ಮಳೆ ಸಾಕು. ಬೆನ್ನಿನ ಮೇಲೆ, ಲ್ಯಾಪ್‌ಟಾಪ್ ಬ್ಯಾಗಿನ ಮೇಲೆ ಮೋರಿ ನೀರಿನ ಉದ್ದ ಗೆರೆ. ಹಿಂದೆ ಬರುವ ಸ್ಕೂಟರಿನ ಹೆಣ್ಣುಮಗಳ ಮುಖಕ್ಕೂ ಅಷ್ಟೇ.

ಇನ್ನು ಎಲ್ಲರಿಗಿಂತ ಮೊದಲು ಕಸಕ್ಕೆ ಹೋಗುವ ಭಾಗ: ಸೀರೆ ಗಾರ್ಡ್. ಎಡಗಡೆ ಹಿಂದಿನ ಚಕ್ರದ ಮೇಲೆ ಇರುವ ಆ ಕಬ್ಬಿಣದ ಜಾಲರಿ. ನಮ್ಮ ಹುಡುಗರಿಗೆ ಅದನ್ನು ಕಂಡರೆ ನಾಚಿಕೆ. ಆದರೆ ಯೋಚನೆ ಮಾಡಿ: ಸೀರೆ, ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡು ಆಗುವ ಅನಾಹುತ ನಮ್ಮ ರಸ್ತೆಗಳದ್ದು. ಅದಕ್ಕೆ ಉತ್ತರವೂ ನಮ್ಮದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ ಬೇಕು, ಕಾಲಿಡಲು ಫುಟ್‌ರೆಸ್ಟ್ ಬೇಕು, ಅವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಹೊದಿಕೆ ಬೇಕು. ಅಂದರೆ ನಮ್ಮ ಗಾಡಿಗಳು ಹಿಂದೆ ಒಬ್ಬರು ಕೂರುತ್ತಾರೆ ಅಂತ ನಂಬಿಕೊಂಡೇ ತಯಾರಾದವು. ಅಮ್ಮ, ಹೆಂಡತಿ, ಅಕ್ಕ, ಜ್ವರ ಬಂದ ಪಕ್ಕದ ಮನೆ ಅಜ್ಜಿ. ಕೆಫೆ ರೇಸರ್ ಮಾಡುವವನು ಮೊದಲು ಕತ್ತರಿಸಿ ಹಾಕುವುದು ಅವರು ಕೂರುವ ಜಾಗವನ್ನು. ನನ್ನ ಮಟ್ಟಿಗೆ ಈ ಫ್ಯಾಷನ್ನಿನ ಎಲ್ಲಾ ಸ್ವಾರ್ಥವೂ ಆ ಒಂಟಿ ಸೀಟಿನಲ್ಲಿದೆ. ನಾನು ಬರೆದದ್ದು ನನಗೇ ಚುಚ್ಚುತ್ತಿದೆ, ಇರಲಿ.

ಕಾನೂನನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿ ಗಾಡಿ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಬಣ್ಣ ಬದಲಿಸಬಹುದು, ಆದರೆ ಅದನ್ನೂ ಆರ್‌ಟಿಓದಲ್ಲಿ ಬರೆಸಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಲು ಗಾಡಿಯನ್ನೇ ತಗೊಂಡು ಹೋಗಿ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಅರ್ಧ ಫ್ರೇಮಿನ ಗಾಡಿ ನಿಲ್ಲಿಸಿ "ಸಾರ್, ಇದು ಕೆಫೆ ರೇಸರ್" ಅನ್ನಿ ನೋಡೋಣ.

"ನನ್ನ ಗಾಡಿ, ನನ್ನ ದುಡ್ಡು, ನಿನಗೇನು ಕಷ್ಟ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಎರಡು. ಒಂದು, ರಸ್ತೆ ನಿಮ್ಮೊಬ್ಬರದಲ್ಲ. ನಿಮ್ಮ ವೆಲ್ಡಿಂಗ್ ಬಿಟ್ಟುಕೊಂಡಾಗ ನೀವು ಬೀಳುವುದು ಇನ್ನೊಬ್ಬರ ಚಕ್ರದ ಮುಂದೆ. ಎರಡು, ಈ ಗಾಡಿಗಳು ಇನ್ನು ಹುಟ್ಟಲ್ಲ. ಚೆಕೊಸ್ಲೊವಾಕಿಯದ ಜಾವಾ ಲೈಸೆನ್ಸಿನಲ್ಲಿ 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ತಯಾರಿಸಲು ಶುರು ಮಾಡಿತು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. 1996ರಲ್ಲಿ ಯಾದವಗಿರಿಯ ಆ ಕಾರ್ಖಾನೆಗೆ ಬೀಗ ಬಿತ್ತು. ಯೆಜ್ಡಿ ಹೆಸರಿನ ಹೊಸ ಬೈಕು 2022ರಲ್ಲಿ ಬಂದಿದೆ ನಿಜ, ಅದು ಬೇರೆಯೇ ಯಂತ್ರ. ಮೈಸೂರಿನಲ್ಲಿ ಹುಟ್ಟಿದ ಹಳೇ ಫ್ರೇಮುಗಳ ಸಂಖ್ಯೆ ಇನ್ನು ಮೇಲೆ ಇಳಿಯಬಹುದೇ ಹೊರತು ಏರಲ್ಲ. ಒಂದು ಕತ್ತರಿಸಿದರೆ ಒಂದು ಹೋಯ್ತು. ನಿಮ್ಮ ಮೂಡು ಎರಡು ವರ್ಷಕ್ಕೆ ಬದಲಾಗುತ್ತೆ, ಗಾಡಿಯನ್ನು ಇನ್ನೊಬ್ಬರಿಗೆ ಮಾರ್ತೀರಿ. ಅವರಿಗೆ ಸಿಗುವುದು ನಿಮ್ಮ ಹಳೇ ಮೂಡು.

"ಆದ್ರೆ ನಂಗೆ ಆ ಲುಕ್ ಬೇಕೇ ಬೇಕು" ಅನ್ನುವವರಿಗೆ ಸುಲಭದ ದಾರಿ ಇದೆ. ರಾಯಲ್ ಎನ್‌ಫೀಲ್ಡ್‌ನವರ ಕಾಂಟಿನೆಂಟಲ್ ಜಿಟಿ ಕಾರ್ಖಾನೆಯಿಂದಲೇ ಕೆಫೆ ರೇಸರ್ ರೂಪದಲ್ಲಿ ಬರುತ್ತೆ. ಲೆಕ್ಕ ಹಾಕಿ ಮಾಡಿದ ಫ್ರೇಮು, ಹಿಡಿಯುವ ಬ್ರೇಕು, ವಾರಂಟಿ. ಆರ್‌ಟಿಓ ತಕರಾರಿಲ್ಲ. ನನಗೆ ಹೊಟ್ಟೆಕಿಚ್ಚೂ ಇಲ್ಲ.

"ಗುಜರಿಗೆ ಹೋಗ್ತಿದ್ದ ಗಾಡಿ ಸಾರ್, ನಾನು ಉಳಿಸಿದೆ" ಅನ್ನುವವರೂ ಇದ್ದಾರೆ. ಇದರಲ್ಲಿ ಅರ್ಧ ಸತ್ಯ ಇದೆ. ಅಪಘಾತದಲ್ಲಿ ಹಿಂಭಾಗ ನುಜ್ಜಾಗಿ, ತುಕ್ಕು ತಿಂದು, ಅರ್ಧ ಭಾಗ ಕಳೆದುಹೋದ ಗಾಡಿ ಸಿಕ್ಕರೆ, ಕೆಲಸ ಬಲ್ಲವರ ಕೈಲಿ ಅದಕ್ಕೆ ಹೊಸ ರೂಪ ಕೊಡಿಸಿ, ನಾನು ಬೇಡ ಅನ್ನಲ್ಲ. ರಸ್ತೆಗಿಳಿಸುವುದಾದರೆ ಕಾನೂನು ಅದಕ್ಕೂ ಇದೆ, ಅಷ್ಟು ನೆನಪಿರಲಿ. ಆದರೆ ಮೊನ್ನೆ ಆ ಹುಡುಗ ತೋರಿಸಿದ ಗಾಡಿ ಹಾಗಿರಲಿಲ್ಲ. ಅದು ಪೂರ್ತಿ ಇತ್ತು. ಅದಕ್ಕೆ ಬೇಕಿದ್ದದ್ದು ಒಂದು ಪ್ಲಗ್ಗು, ಒಂದು ಟ್ಯಾಂಕ್ ಕ್ಲೀನಿಂಗು, ಸ್ವಲ್ಪ ತಾಳ್ಮೆ.

ಇನ್ನೊಂದು ಗುಂಪನ್ನೂ ಬಿಡಲ್ಲ. ಒರಿಜಿನಲ್ ಮಂದಿ. ಒಂದು ಬೋಲ್ಟಿನ ತಲೆ ಬೇರೆ ಕಂಪನಿಯದಾದರೆ ಇವರಿಗೆ ನಿದ್ದೆ ಬರಲ್ಲ. ಗಾಡಿ ಮೇಲೆ ಬಟ್ಟೆ ಹೊದಿಸಿ, ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಮಾತ್ರ ಹೊರಗೆ ತೆಗೆದು, ಸಾಯಂಕಾಲ ಮತ್ತೆ ಬಟ್ಟೆ ಹೊದಿಸುತ್ತಾರೆ. ಹೊಸಬ ಏನಾದರೂ ಕೇಳಿದರೆ ಹಾಳುಮಾಡಿಬಿಟ್ಟೆ ಅಂತ ಮೈಮೇಲೆ ಬೀಳುತ್ತಾರೆ. ಹುಡುಗರು ಇವರಿಗೆ ಹೆದರಿಯೇ ವಿಡಿಯೋಗಳ ಕಡೆ ಓಡುವುದು. ಗಾಡಿಯನ್ನು ದೇವರ ಮೂರ್ತಿ ಮಾಡುವುದೂ ಬೇಡ, ಕಟುಕರ ಅಂಗಡಿಗೆ ಎಳೆಯುವುದೂ ಬೇಡ.

ಹಾಗಾದರೆ ಏನೂ ಬದಲಿಸಬಾರದಾ? ಯಾಕೆ, ಬದಲಿಸಿ. ಹಳೇ ಆರು ವೋಲ್ಟಿನ ದೀಪದಲ್ಲಿ ರಾತ್ರಿ ಎಮ್ಮೆ ಕಾಣುವ ಮೊದಲು ಅದರ ವಾಸನೆ ಬರುತ್ತೆ. ಹನ್ನೆರಡು ವೋಲ್ಟಿನ ಕಿಟ್ ಹಾಕಿಸಿ, ಹಳೇ ಡೈನಮೋವನ್ನು ಎಣ್ಣೆ ಸವರಿ ಡಬ್ಬದಲ್ಲಿಡಿ. ಒಳ್ಳೇ ಬ್ರೇಕ್ ಶೂ ಹಾಕಿಸಿ. ಸೀಟಿನ ಸ್ಪಂಜು ಬದಲಿಸಿ. ಕನ್ನಡಿ ಹಾಕಿ, ಎರಡೂ ಕಡೆ. ನನ್ನ ನಿಯಮ ಒಂದೇ: ಸ್ಪ್ಯಾನರಿನಿಂದ ಹಾಕಿದ್ದು ಸ್ಪ್ಯಾನರಿನಿಂದ ತೆಗೆಯೋಕೆ ಬರಬೇಕು. ಬೆಂಕಿ, ಕಿಡಿ ಬೇಕಾಗುವ ಕೆಲಸ ಹೊಸಬನದ್ದಲ್ಲ.

ಐಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಟೀಮಿಗೆ ಸೇರಿದ ಎರಡನೇ ದಿನವೇ ಒಬ್ಬ ಹುಡುಗ "ಈ ಕೋಡ್ ಎಲ್ಲಾ ಕಸ, ಮೊದಲಿಂದ ಬರೆಯೋಣ" ಅಂದರೆ ನಾವು ಒಳಗೊಳಗೇ ನಗ್ತೀವಿ. ಆ ವಿಚಿತ್ರ ಇಫ್ ಕಂಡಿಷನ್ ಅಲ್ಲಿ ಯಾಕಿದೆ ಅಂತ ಅವನಿಗೆ ಗೊತ್ತಿಲ್ಲ. ಯಾವತ್ತೋ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಯಾರೋ ಕಣ್ಣು ಕೆಂಪಗೆ ಮಾಡಿಕೊಂಡು ಹಾಕಿದ್ದು ಅದು. ಮಡ್‌ಗಾರ್ಡೂ ಹಾಗೇ, ಫಿಲ್ಟರ್ ಡಬ್ಬಿಯೂ ಹಾಗೇ. ಕೋಡಿಗಾದರೆ ಬ್ಯಾಕಪ್ ಇರುತ್ತೆ. ಫ್ರೇಮಿಗೆ ಇಲ್ಲ.

ಸರಿ, ಗ್ರೈಂಡರ್ ಇಲ್ಲದೆ ಮನೆಯಲ್ಲಿ ಏನು ಮಾಡೋದು? ಮೊದಲ ಶನಿವಾರ ಸ್ಪ್ಯಾನರನ್ನೂ ಮುಟ್ಟಬೇಡಿ. ಆರ್‌ಸಿ ಹಿಡಿದುಕೊಂಡು ಫ್ರೇಮಿನ ಮೇಲಿನ ಚಾಸಿ ನಂಬರ್, ಎಂಜಿನ್ ನಂಬರ್ ಒಂದೊಂದೇ ಅಂಕಿ ತಾಳೆ ನೋಡಿ. ಮಾರಿದವರಿಂದ 29, 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡಿದ್ದೀರಾ? ಇಲ್ಲದಿದ್ದರೆ ಅದು ಇನ್ನೂ ನಿಮ್ಮ ಗಾಡಿ ಅಲ್ಲ.

ಆಮೇಲೆ ಟೈರ್ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು, ಕೈಮುಗಿದು ಬಿಚ್ಚಿಡಿ. ಬ್ರೇಕ್ ಡ್ರಮ್ ಬಿಚ್ಚಿ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯ ಶೂ ಮೇಲಿನ ಲೈನಿಂಗ್ ಅಂಟುಬಿಟ್ಟಿರುತ್ತೆ. ಎಂಜಿನ್ ಓಡಿಸುವ ಮೊದಲು ನಿಲ್ಲಿಸುವುದನ್ನು ಸರಿಮಾಡಿ.

ಮೂರನೇ ವಾರ ಕಾರ್ಬೊರೇಟರ್. ಬಿಚ್ಚುವ ಮೊದಲು ಫೋಟೋ, ಬಿಚ್ಚುವಾಗ ಫೋಟೋ. ಬಿಚ್ಚಿದ ಸಣ್ಣ ಸಾಮಾನಿಗೆ ಇಡ್ಲಿ ತಟ್ಟೆಗಿಂತ ಒಳ್ಳೇ ಜಾಗ ಇಲ್ಲ. ಒಂದೊಂದು ಗುಂಡಿಗೆ ಒಂದೊಂದು ಭಾಗ, ಬಿಚ್ಚಿದ ಸಾಲಿನಲ್ಲೇ. ತಟ್ಟೆಯನ್ನು ಮಾತ್ರ ಅಡುಗೆಮನೆಗೆ ವಾಪಸ್ ಇಡಬೇಡಿ, ಹೊಸದು ತಂದುಕೊಡಿ. ಹಾಗೇ ಟ್ಯಾಂಕಿನ ತುಕ್ಕು ತೆಗೆಸಿ, ಹಳೇ ರಬ್ಬರ್ ಪೈಪುಗಳನ್ನೆಲ್ಲಾ ಬದಲಿಸಿ, ಈಗಿನ ಪೆಟ್ರೋಲಿಗೆ ಅವು ತಡೆಯಲ್ಲ. ಪೆಟ್ರೋಲ್ ಕೆಲಸವನ್ನು ಮುಚ್ಚಿದ ಬೇಸ್‌ಮೆಂಟಲ್ಲಿ ಮಾಡಬೇಡಿ. ಖಾಲಿ ಟ್ಯಾಂಕು ನಿರಪಾಯ ಅಂದುಕೊಳ್ಳುವವರೇ ಜಾಸ್ತಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಬೇಗ ಸಿಡಿಯುವುದು. ಮೇಲೆ ನೂರು ಮನೆ ಇರುವ ಕಟ್ಟಡದ ಕೆಳಗೆ, ಟ್ಯಾಂಕಿನ ಪಕ್ಕದಲ್ಲಿ ನಾನು ಗ್ರೈಂಡರಿನ ಕಿಡಿ ಹಾರಿಸಿದ್ದು ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತೆ.

ಆಮೇಲೆ ಪಾಯಿಂಟ್. ಎರಡು ಪುಟ್ಟ ಲೋಹದ ತುದಿಗಳು, ಮಧ್ಯೆ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ ಸಂದು. ಆ ಸಂದು ಸರಿಯಿದ್ದರೆ ಕಿಡಿ, ಇಲ್ಲದಿದ್ದರೆ ಕಾಲು ನೋವು. ಅದನ್ನು ಸ್ವತಃ ಹೊಂದಿಸಿ, ಕಿಕ್ಕರ್ ಮೇಲೆ ಕಾಲಿಟ್ಟು, ಹನ್ನೆರಡನೇ ಒದೆತಕ್ಕೆ ಗಾಡಿ ಕೆಮ್ಮಿ ಹೊಗೆಯುಗುಳಿ ಜೀವ ಹಿಡಿದಾಗ, ಆ ಕಿಕ್ಕರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಿದಾಗ ಆಗುವ ಸಂತೋಷ ಇದೆಯಲ್ಲ, ನೂರು ಲೈಕಿನಲ್ಲಿ ಅದರ ಕಾಲುಭಾಗ ಇಲ್ಲ. ಎರಡನ್ನೂ ಕಂಡವನು ಹೇಳ್ತಿದೀನಿ.

ಇದನ್ನೆಲ್ಲಾ ನನಗೆ ಕಲಿಸಿದವರು ನಮ್ಮ ಏರಿಯಾದ ಭಾಯ್. ವಯಸ್ಸು ಎಪ್ಪತ್ತರ ಹತ್ತಿರ, ಅಂಗಡಿ ಒಂದು ಶಟರ್ ಅಗಲ. ಒಡೆದ ಫ್ರೇಮು ತಗೊಂಡು ಹೋದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಾರ್, ಕತ್ತರಿಸಿದ ಪೀಸ್ ಎಲ್ಲಿ?" ಅಂದರು. ಎಸೆದುಬಿಟ್ಟಿದ್ದೆ. "ಅದನ್ನೂ ಇಟ್ಕೊಂಡಿಲ್ವಾ?" ಅಂದು ತಲೆ ಆಡಿಸಿದರು. ಗುಜರಿಯಲ್ಲಿ ಮೂರು ವಾರ ಹುಡುಕಿ ಇನ್ನೊಂದು ಗಾಡಿಯ ಹಿಂಭಾಗದ ತುಂಡು ತಂದರು. ಪೈಪಿನೊಳಗೆ ಇನ್ನೊಂದು ಪೈಪು ತೂರಿಸಿ, ಅಳತೆ ಹಿಡಿದು, ಗ್ಯಾಸ್ ವೆಲ್ಡಿಂಗಿನಲ್ಲಿ ನಿಧಾನ ಕೂರಿಸಿದರು. ಸೀಟು, ಮಡ್‌ಗಾರ್ಡು, ಸೈಲೆನ್ಸರು, ಸೀರೆ ಗಾರ್ಡು ಎಲ್ಲಾ ಸೇರಿ ಹದಿನೆಂಟು ಸಾವಿರ ಆಯ್ತು. ಬಿಚ್ಚಿದ್ದನ್ನು ವಾಪಸ್ ಹಾಕಲು ಹದಿನೆಂಟು ಸಾವಿರ. ಭಾಯ್‌ಗೆ ಇಬ್ಬರು ಮಕ್ಕಳು, ಇಬ್ಬರೂ ಈ ಕೆಲಸಕ್ಕೆ ಬರಲಿಲ್ಲ. ಯೆಜ್ಡಿಯ ಸದ್ದು ಕೇಳಿ ರೋಗ ಹೇಳುವ ಆ ಕಿವಿ ಅವರ ಜೊತೆಗೇ ಹೋಗುತ್ತೆ. ನೀವು ಕತ್ತರಿಸುವ ಬದಲು ಶನಿವಾರ ಅವರಂಥವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರೆ ಅದರಲ್ಲಿ ಸ್ವಲ್ಪವಾದರೂ ಉಳಿಯುತ್ತೆ. ಚೌಕಾಸಿ ಮಾಡದೆ ದುಡ್ಡು ಕೊಡಿ. ನಾವು ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವವರು, ಅವರ ಗಂಟೆಗೂ ಬೆಲೆ ಇದೆ.

ದೀಪಾವಳಿಗೆ ಗಾಡಿಯನ್ನು ನಂಜನಗೂಡಿಗೆ ಓಡಿಸಿಕೊಂಡು ಹೋದೆ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು ಬಿಡಲ್ಲ, ಸರ್ವಿಸ್ ರೋಡಿನಲ್ಲೇ ಹೋದೆ. ಪಾಯಿಂಟ್ ಎರಡು ಸಲ ತೊಂದರೆ ಕೊಟ್ಟಿತು, ಎರಡು ಸಲವೂ ರಸ್ತೆ ಬದಿಯಲ್ಲಿ ನಾನೇ ಸರಿಮಾಡಿದೆ. ಮಾವ ಮತ್ತೆ ಸುತ್ತ ಒಂದು ಸಲ ನಡೆದರು. ಬಗ್ಗಿ ವೆಲ್ಡಿಂಗಿನ ಗಂಟು ಮುಟ್ಟಿ ನೋಡಿದರು. ಬಣ್ಣದ ಕೆಳಗೂ ಅದು ಕೈಗೆ ಸಿಗುತ್ತೆ, ಯಾವಾಗಲೂ ಸಿಗುತ್ತೆ. ಏನೂ ಅನ್ನಲಿಲ್ಲ. ಒಳಗೆ ತಿರುಗಿ "ಲೇ, ಬಾರೆ, ದೇವಸ್ಥಾನಕ್ಕೆ ಹೋಗ್ಬರೋಣ" ಅಂತ ಕೂಗಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೇ ಕಡೆ ಕಾಲು ಹಾಕಿ ಕೂತರು, ಕೈ ಹುಡುಕದೆಯೇ ಹಿಡಿಯ ಮೇಲೆ ಹೋಯ್ತು.

ಆಫೀಸಿನ ಹುಡುಗನಿಗೆ ನೆನ್ನೆ ಮೆಸೇಜ್ ಮಾಡಿದೆ. ಗ್ರೈಂಡರ್ ಕೊಡಲ್ಲ. ಸ್ಪ್ಯಾನರ್ ಸೆಟ್ಟು, ಫೀಲರ್ ಗೇಜು, ಹಳೇ ಇಡ್ಲಿ ತಟ್ಟೆ ತಗೊಂಡು ಭಾನುವಾರ ಬೆಳಿಗ್ಗೆ ನಾನೇ ಬರ್ತೀನಿ, ತಿಂಡಿ ನಿಂದು.